ತೆರೆಯಾಚೆಯ ಕೈ

ಕೋಲ್ಕತ್ತದಲ್ಲಿ ನೆಲೆಸಿರುವ ಕನ್ನಡಿಗರಾದ ನಮ್ಮನ್ನು ಇಲ್ಲಿಯ ನೆರೆಹೊರೆಯವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಆಸ್ಪತ್ರೆಗಳಿಗೆ ಸಂಬಂಧಿಸಿದವು. ಹೃದಯದ ತೊಂದರೆಗೆ ಎಲ್ಲಿ ತೋರಿಸಬೇಕು, ಜೊತೆಗೆ ಹೋದವರು ಉಳಿದುಕೊಳ್ಳಲು ಹತ್ತಿರದಲ್ಲಿ ಕೋಣೆ ಸಿಗುವುದೇ, ಬಂಗಾಳಿ ಬಲ್ಲವರು ಅಲ್ಲಿ ಯಾರಾದರೂ ಇರುವರೇ ಎಂದು ವಿಚಾರಿಸುತ್ತಾರೆ. ಹೌರಾದಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿಯೂ, ವೆಲ್ಲೂರಿಗೆ ಹೋಗುವವರು ಕಾಟ್ಪಾಡಿಯಲ್ಲಿ ಇಳಿಯಲೆಂದು ಹತ್ತುವ ರೈಲುಗಳಲ್ಲಿಯೂ ಎಕ್ಸ್-ರೇ ಲಕೋಟೆಗಳನ್ನು ಜೋಪಾನವಾಗಿ ಹಿಡಿದು ಕುಳಿತ ಕುಟುಂಬಗಳು ಕಾಣಸಿಗುತ್ತವೆ. ಹಳ್ಳಿಯಿಂದ ಜಿಲ್ಲಾ ಪಟ್ಟಣಕ್ಕೆ, ಅಲ್ಲಿಂದ ಕೋಲ್ಕತ್ತಕ್ಕೆ, ಕೋಲ್ಕತ್ತದಿಂದ ದಕ್ಷಿಣಕ್ಕೆ, ಹೀಗೆ ಒಂದೊಂದು ಮೆಟ್ಟಿಲಿನಲ್ಲಿಯೂ ಒಡವೆಯನ್ನೋ ಹೊಲವನ್ನೋ ಕಳೆದುಕೊಳ್ಳುತ್ತ ಬಂದವರು ಅವರಲ್ಲಿ ಎಷ್ಟೋ ಮಂದಿ.

ರೋಗಿಯೇ ವಿದ್ಯೆಯನ್ನು ಹುಡುಕಿಕೊಂಡು ಅಲೆಯುವ ಬದಲು ವಿದ್ಯೆಯೇ ರೋಗಿಯಿರುವ ಊರಿಗೆ ಹೋಗಬಾರದೇ? ಔಷಧದ ಮಟ್ಟಿಗೆ ಈ ಪ್ರಶ್ನೆಗೆ ಟೆಲಿಮೆಡಿಸಿನ್ ಒಂದಷ್ಟು ಉತ್ತರ ಕೊಟ್ಟಿದೆ. ಕೇಂದ್ರ ಸರ್ಕಾರದ ಇ-ಸಂಜೀವನಿಯ ಮೂಲಕ, ಪಶ್ಚಿಮ ಬಂಗಾಳದಲ್ಲಿ 2021ರಿಂದ ನಡೆಯುತ್ತಿರುವ ಸ್ವಾಸ್ಥ್ಯ ಇಂಗಿತ್ ಯೋಜನೆಯ ಮೂಲಕ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕುಳಿತೇ ದೂರದ ವೈದ್ಯರ ಸಲಹೆ ಪಡೆಯಬಹುದು. ಶಸ್ತ್ರಚಿಕಿತ್ಸೆಯ ಮಾತು ಬೇರೆ. ಅದು ಬರಿಯ ಸಲಹೆಯಿಂದ ಮುಗಿಯುವುದಿಲ್ಲ. ಅಲ್ಲಿ ಒಂದು ಕೈ ಬೇಕು, ಆ ಕೈಗೆ ಪಳಗಿಕೆ ಬೇಕು. ಸುರಕ್ಷಿತವೂ ಕೈಗೆಟುಕುವಂಥದೂ ಆದ ಶಸ್ತ್ರಚಿಕಿತ್ಸೆ ಜಗತ್ತಿನ ಸುಮಾರು 500 ಕೋಟಿ ಜನರಿಗೆ ದೊರೆಯುತ್ತಿಲ್ಲವೆಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2015ರಲ್ಲಿ ಲೆಕ್ಕ ಹಾಕಿತು. ಆ ಕೊರತೆಯ ದೊಡ್ಡ ಭಾಗ ಕಟ್ಟಡದ್ದೂ ಅಲ್ಲ, ಯಂತ್ರದ್ದೂ ಅಲ್ಲ; ಕಲಿತ ಕೈಗಳದ್ದು. ಆದ್ದರಿಂದ ಟೆಲಿಮೆಡಿಸಿನ್ನಿನಿಂದ ಶಸ್ತ್ರಚಿಕಿತ್ಸೆಯನ್ನು ಕಲಿಸಬಹುದೇ ಎಂಬ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದ್ದಲ್ಲ. ರೈಲು ಹತ್ತುವ ಎಲ್ಲರಿಗೂ ಸೇರಿದ್ದು.

ಕಲಿಸಬಹುದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಒಂದು ಷರತ್ತು ಇದೆ. ಗುರುವಿನ ಕೈಯನ್ನು ಶಿಷ್ಯರಿಗೆ ತೋರಿಸಿದರೆ ಸಾಲದು, ಶಿಷ್ಯರ ಕೈಯನ್ನು ಗುರು ನೋಡಬೇಕು. ನಾವು ಇದುವರೆಗೆ ಮಾಡಿಕೊಂಡ ಏರ್ಪಾಡುಗಳಲ್ಲಿ ಮೊದಲನೆಯದಕ್ಕೆ ದೊರೆತ ಗಮನ ಎರಡನೆಯದಕ್ಕೆ ದೊರೆತಿಲ್ಲ.

ಈ ಮಾತನ್ನು ಕೋಲ್ಕತ್ತದಿಂದ ಆಡುವುದಕ್ಕೆ ಒಂದು ಔಚಿತ್ಯವಿದೆ. 1835ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಮರುವರ್ಷ ಪಂಡಿತ ಮಧುಸೂದನ ಗುಪ್ತರು ತಮ್ಮ ಕೆಲವು ಶಿಷ್ಯರೊಡನೆ ಮನುಷ್ಯನ ಶವವನ್ನು ಛೇದಿಸಿ ನೋಡಿದರು. ಆ ಗಳಿಗೆಯನ್ನು ಗೌರವಿಸಿ ಫೋರ್ಟ್ ವಿಲಿಯಂ ಕೋಟೆಯಿಂದ ತೋಪು ಹಾರಿಸಿದರೆಂಬ ಮಾತು ಈ ನಗರದಲ್ಲಿ ಇಂದಿಗೂ ಪ್ರಚಲಿತ. ಗುಪ್ತರು ವೈದ್ಯ ಮನೆತನದವರು, ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಕಲಿಸಿದ್ದವರು. ಹೆಣ ಮುಟ್ಟುವುದು ಅಂದಿನ ಸಮಾಜದಲ್ಲಿ ಜಾತಿಯಿಂದ ಹೊರಗುಳಿಯುವಂಥ ಕೆಲಸ. ಅದೇ ಗುಪ್ತರು ಅದೇ 1835–36ರಲ್ಲಿ ಸುಶ್ರುತ ಸಂಹಿತೆಯನ್ನು ಸಂಪಾದಿಸಿ ಕೋಲ್ಕತ್ತದಲ್ಲಿ ಅಚ್ಚು ಹಾಕಿಸಿದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಒಂದು ಕಡೆ ಹಳೆಯ ಗ್ರಂಥ, ಇನ್ನೊಂದು ಕಡೆ ಹೊಸ ಕಾಲೇಜಿನ ಮೇಜು. ಎರಡನ್ನೂ ಒಬ್ಬರೇ ಕೈಗೆತ್ತಿಕೊಂಡರು.

ಅವರು ಅಚ್ಚು ಹಾಕಿಸಿದ ಆ ಗ್ರಂಥದಲ್ಲಿಯೇ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ ಒಂದು ಅಧ್ಯಾಯವಿದೆ. ಸೂತ್ರಸ್ಥಾನದ ಆ ಭಾಗದ ವಿಷಯ ಯೋಗ್ಯೆ, ಅಂದರೆ ಕೈಯ ಅಭ್ಯಾಸ. ಕೊಯ್ಯುವುದನ್ನು ಸೋರೆ, ಸೌತೆ, ಕಲ್ಲಂಗಡಿಗಳಂಥ ಕಾಯಿಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು, ಕೆಸರು ತುಂಬಿದ ಚರ್ಮದ ಚೀಲಗಳ ಮೇಲೆ. ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳಗಳಲ್ಲಿ, ತಾವರೆಯ ದಂಟಿನಲ್ಲಿ. ಹೊಲಿಯುವುದನ್ನು ದಪ್ಪ ಬಟ್ಟೆಯ, ಮೆತ್ತನೆಯ ಚರ್ಮದ ಅಂಚುಗಳ ಮೇಲೆ. ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಮೇಲೆ. ಎಷ್ಟೇ ಓದಿಕೊಂಡಿದ್ದರೂ ಹೀಗೆ ಪಳಗದವನನ್ನು ಕೆಲಸಕ್ಕೆ ತಕ್ಕವನೆಂದು ಆ ಗ್ರಂಥ ಒಪ್ಪುವುದಿಲ್ಲ. ಗಮನಿಸಬೇಕಾದ ಸಂಗತಿ ಇದು: ಅಲ್ಲಿಯ ಪಟ್ಟಿಯಲ್ಲಿರುವುದೆಲ್ಲ ಶಿಷ್ಯ ಮಾಡಬೇಕಾದದ್ದು. ಗುರು ಮಾಡುವುದನ್ನು ನೋಡುತ್ತ ನಿಲ್ಲುವುದೇ ಪಾಠವಾಗಿಲ್ಲ.

1836ರಲ್ಲಿ ಎದ್ದ ಪ್ರಶ್ನೆ, ಕಲಿಯುವುದಕ್ಕಾಗಿ ಮುಟ್ಟಬಹುದೇ ಎಂಬುದು. ಇಂದು ನಮ್ಮ ಮುಂದಿರುವ ಪ್ರಶ್ನೆ, ಮುಟ್ಟದೆಯೂ ಕಲಿಸಬಹುದೇ ಎಂಬುದು. ಈ ಎರಡನೆಯ ಪ್ರಶ್ನೆಯ ಇತಿಹಾಸದಲ್ಲಿಯೂ ಕೋಲ್ಕತ್ತಕ್ಕೆ ಪಾಲಿದೆ, ಜೊತೆಗೆ ಒಬ್ಬ ಕನ್ನಡನಾಡಿನವರಿಗೂ.

ದಕ್ಷಿಣ ಕನ್ನಡದ ಕಿನ್ನಿಗೋಳಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವೈದ್ಯಕೀಯ ಓದಿ, ಲಂಡನ್ನಿನಲ್ಲಿ ತರಬೇತಾಗಿ 1989ರಲ್ಲಿ ಭಾರತಕ್ಕೆ ಮರಳಿದ ಡಾ. ದೇವಿ ಪ್ರಸಾದ್ ಶೆಟ್ಟಿಯವರು ಮೊದಲು ಬಂದದ್ದು ಬೆಂಗಳೂರಿಗಲ್ಲ, ಕೋಲ್ಕತ್ತಕ್ಕೆ. ಇಲ್ಲಿಯ ಬಿ.ಎಂ. ಬಿರ್ಲಾ ಹೃದಯ ಸಂಶೋಧನಾ ಕೇಂದ್ರದಲ್ಲಿ ಅವರು ಕೆಲಸ ಮಾಡಿದರು. ಮದರ್ ತೆರೇಸಾ ಅವರಿಗೆ ಚಿಕಿತ್ಸೆ ನೀಡಿದರು. ಮುಂದೆ ನಗರದ ಪೂರ್ವದಂಚಿನ ಮುಕುಂದಪುರದಲ್ಲಿ ರವೀಂದ್ರನಾಥ ಟ್ಯಾಗೋರರ ಹೆಸರಿನ ಹೃದ್ರೋಗ ಸಂಸ್ಥೆ ಅವರ ನೇತೃತ್ವದಲ್ಲಿ ತಲೆಯೆತ್ತಿತು. 2001ರಲ್ಲಿ ಆ ಆಸ್ಪತ್ರೆಯಿಂದ ಸಿಲಿಗುರಿಯ ಜಿಲ್ಲಾ ಆಸ್ಪತ್ರೆಗೂ ಬಾಂಕುಡಾದ ಸಮ್ಮಿಲನಿ ಆಸ್ಪತ್ರೆಗೂ ಟೆಲಿಮೆಡಿಸಿನ್ ಸಂಪರ್ಕ ಏರ್ಪಟ್ಟಿತು. ಇಸ್ರೊ ಸಂಸ್ಥೆಯ ಉಪಗ್ರಹದ ನೆರವಿನಿಂದ ತ್ರಿಪುರದ ಉದಯಪುರದ ಆಸ್ಪತ್ರೆಯೂ ಇದಕ್ಕೆ ಸೇರಿತು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಉಪಗ್ರಹದ ಮೂಲಕವೇ ಜೋಡಿಸಲಾಯಿತು. ಕಾಡಂಚಿನ ಸರಗೂರೂ ಹಿಮಾಲಯದ ತಪ್ಪಲಿನ ಸಿಲಿಗುರಿಯೂ ಹೀಗೆ ಒಂದೇ ಕಾಲದಲ್ಲಿ ಒಂದೇ ಬಗೆಯ ಪ್ರಯೋಗಕ್ಕೆ ಒಡ್ಡಿಕೊಂಡವು.

ಅಲ್ಲಿ ಮುಖ್ಯವಾಗಿ ನಡೆದದ್ದು ಶಸ್ತ್ರಚಿಕಿತ್ಸೆಯ ಪಾಠವಲ್ಲ, ಹೃದಯಾಘಾತದ ತುರ್ತು ಸಲಹೆ. ಜಿಲ್ಲೆಯ ವೈದ್ಯರು ಇಸಿಜಿ ಕಳಿಸುವುದು, ತಜ್ಞರು ಅದನ್ನು ಓದಿ ರಕ್ತದ ಗರಣೆ ಕರಗಿಸುವ ಔಷಧ ಕೊಡಬೇಕೋ ಬೇಡವೋ ಎಂದು ಹೇಳುವುದು. ಆದರೂ ನಮ್ಮ ವಿಷಯಕ್ಕೆ ಅದು ಒಂದು ಪಾಠ ಕಲಿಸುತ್ತದೆ. ಒಂದೊಂದು ಸಲಹೆಯ ಹಿಂದೆಯೂ ಜಿಲ್ಲೆಯ ವೈದ್ಯರು ಮೊದಲು ತಾವೇ ಏನನ್ನೋ ನೋಡಿ, ತಮ್ಮ ಅಭಿಪ್ರಾಯವನ್ನು ಮುಂದಿಡಬೇಕು. ತಜ್ಞರು ಅದನ್ನು ಒಪ್ಪುವರು, ಇಲ್ಲವೇ ತಿದ್ದುವರು. ಹತ್ತು ಇಸಿಜಿಗಳನ್ನು ಹೀಗೆ ತಿದ್ದಿಸಿಕೊಂಡವರಿಗೆ ಹನ್ನೊಂದನೆಯದು ಅಷ್ಟು ಕಷ್ಟವಾಗದು. ಶಾಲೆಯೆಂಬ ಫಲಕವಿಲ್ಲದೆಯೇ ಶಾಲೆ ನಡೆಯುತ್ತದೆ. ಅದು ಶಾಲೆಯಾಗುವುದು ದೂರದ ವೈದ್ಯರ ಕೆಲಸ ತಜ್ಞರ ಕಣ್ಣಿಗೆ ಬೀಳುವುದರಿಂದ.

ಶಸ್ತ್ರಚಿಕಿತ್ಸೆಯ ಬೋಧನೆಗೆಂದೇ ಈ ತಂತ್ರಜ್ಞಾನವನ್ನು ಬಳಸಿದ ಮುಖ್ಯ ಪ್ರಯತ್ನಗಳಲ್ಲೊಂದು ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯದು. ಈ ಶತಮಾನದ ಆರಂಭದಲ್ಲಿ ಅದು ಒಡಿಶಾದ ಕಟಕ್, ಬುರ್ಲಾ, ಬ್ರಹ್ಮಪುರಗಳ ವೈದ್ಯಕೀಯ ಕಾಲೇಜುಗಳೊಡನೆ ಸಂಪರ್ಕ ಬೆಳೆಸಿತು. ಥೈರಾಯ್ಡ್ ಮೊದಲಾದ ನಿರ್ನಾಳ ಗ್ರಂಥಿಗಳ ಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ಶಾಖೆಯಾಗಿ ಕಲಿಸುವ ವಿಭಾಗಗಳು ದೇಶದಲ್ಲಿ ಕೆಲವೇ. ಅಂಥ ಒಂದು ವಿಭಾಗ ಅಲ್ಲಿದೆ. ರೋಗವೋ ಎಲ್ಲ ಊರುಗಳಲ್ಲಿಯೂ ಇದೆ. ಥೈರಾಯ್ಡಿನ ಹಿಂಬದಿಯಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ನರ ದಾರದೆಳೆಯಂತೆ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ದನಿ ಒಡೆದುಹೋಗುತ್ತದೆ. ಬೇಳೆಕಾಳಿನ ಗಾತ್ರದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅಲ್ಲಿಯೇ ಅಂಟಿಕೊಂಡಿರುತ್ತವೆ. ಕಣ್ತಪ್ಪಿ ಅವೂ ಹೊರಬಂದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆದುಕೊಳ್ಳುತ್ತವೆ. ಇಂಥ ಸೂಕ್ಷ್ಮವನ್ನು ಬಲ್ಲವರು ಕೆಲವೇ ಊರುಗಳಲ್ಲಿ ಇರುವಾಗ, ಉಳಿದ ಊರುಗಳ ಕಲಿಕೆಗೆ ತೆರೆಯೇ ಹಾದಿ.

ತೆರೆಯ ಮೇಲಿನ ಶಸ್ತ್ರಚಿಕಿತ್ಸೆಯನ್ನು ಕಂಡು ಮೂಗು ಮುರಿಯುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. ಥಿಯೇಟರಿನ ಒಳಗೇ ನಿಂತ ವಿದ್ಯಾರ್ಥಿಗೆ ಎಲ್ಲವೂ ಕಾಣುತ್ತದೆ ಎಂಬುದು ಭ್ರಮೆ. ಎರಡನೆಯ ಸಾಲಿನಲ್ಲಿ ನಿಂತವರಿಗೆ ಕಾಣುವುದು ಗುರುಗಳ ಬೆನ್ನು, ಸಹಾಯಕರ ಹೆಗಲು. ಮೇಲಿನ ದೀಪದಲ್ಲಿ ಅಳವಡಿಸಿದ ಕ್ಯಾಮೆರಾ ಅದಕ್ಕಿಂತ ಹೆಚ್ಚನ್ನು ತೋರಿಸುತ್ತದೆ. ಲ್ಯಾಪರೋಸ್ಕೋಪಿಯಲ್ಲಂತೂ ಕತ್ತರಿ ಹಿಡಿದ ವೈದ್ಯರೇ ನೋಡುವುದು ತೆರೆಯನ್ನು. 1990ರಲ್ಲಿ ಮುಂಬಯಿಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಭಾರತದಲ್ಲಿ ಮೊದಲ ಬಾರಿಗೆ ಈ ವಿಧಾನದಿಂದ ಪಿತ್ತಕೋಶ ತೆಗೆದಂದಿನಿಂದ ನಮ್ಮ ಶಸ್ತ್ರಚಿಕಿತ್ಸೆಯ ಒಂದು ಭಾಗ ತೆರೆಯ ಮೇಲಿನ ವಿದ್ಯೆಯೇ ಆಗಿದೆ. ಗುರು ನೋಡುವ ಚಿತ್ರವೂ 600 ಕಿಲೋಮೀಟರ್ ಆಚೆಯ ಸಿಲಿಗುರಿಯಲ್ಲಿ ಕುಳಿತವರು ನೋಡುವ ಚಿತ್ರವೂ ಒಂದೇ. ನೋಟದ ಮಟ್ಟಿಗೆ ದೂರ ಅಳಿದುಹೋಗಿದೆ.

ಆದರೆ ಒಂದೇ ಚಿತ್ರವನ್ನು ನೋಡಿದವರೆಲ್ಲ ಒಂದೇ ವಿದ್ಯೆಯನ್ನು ಪಡೆಯುವುದಿಲ್ಲ. ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಗುರುಗಳಿಂದ ಫೋನಿನ ತೆರೆಯ ಮೇಲೆ ವೀಣೆ, ಪಿಟೀಲು, ಮೃದಂಗ ಕಲಿಯುತ್ತಿದ್ದಾರೆ. ಅಂಥ ಪಾಠದಲ್ಲಿ ಗುರುಗಳು ಪದೇ ಪದೇ ಹೇಳುವ ಮಾತು, ಫೋನನ್ನು ಮುಖದ ಕಡೆಯಿಂದ ಬೆರಳಿನ ಕಡೆಗೆ ತಿರುಗಿಸು ಎಂದು. ಕಛೇರಿಗಳ ವಿಡಿಯೋ ಬೇಕಾದಷ್ಟು ಸಿಗುತ್ತದೆ. ಅದನ್ನು ಕೇಳಿ ಮಗುವಿನ ಕಿವಿ ಹದವಾಗುತ್ತದೆ ನಿಜ. ಆದರೆ ಬೆರಳು ತಂತಿಯನ್ನು ಎಲ್ಲಿ ತಪ್ಪಾಗಿ ಒತ್ತುತ್ತಿದೆ ಎಂಬುದನ್ನು ಕಛೇರಿ ಹೇಳಲಾರದು, ಬೆರಳನ್ನು ನೋಡುವವರು ಹೇಳಬೇಕು. ಬರವಣಿಗೆಯಲ್ಲಿಯೂ ಹೀಗೆಯೇ. ಓದಿನಿಂದ ರುಚಿ ಬೆಳೆಯುತ್ತದೆ. ನಮ್ಮ ಹಸ್ತಪ್ರತಿಯ ಅಂಚಿನಲ್ಲಿ ಯಾರೋ ಗುರುತು ಹಾಕಿದಾಗ ಬರಹ ಬೆಳೆಯುತ್ತದೆ.

ಏಕಲವ್ಯನನ್ನು ಇಲ್ಲಿ ಎದುರುವಾದಕ್ಕೆ ತರಬಹುದು. ಅವನು ದ್ರೋಣನ ಮಣ್ಣಿನ ಮೂರ್ತಿಯ ಮುಂದೆ ಕಲಿತು ಅರ್ಜುನನನ್ನೂ ಮೀರಿಸಲಿಲ್ಲವೇ ಎನ್ನಬಹುದು. ನಿಜ. ಆದರೆ ಏಕಲವ್ಯನ ಗುರಿ ತಪ್ಪಿದ ಬಾಣಗಳೆಲ್ಲ ಕಾಡಿನಲ್ಲಿ ಬಿದ್ದವು, ಯಾರಿಗೂ ನೋವಾಗಲಿಲ್ಲ. ಶಸ್ತ್ರವೈದ್ಯರ ಗುರಿ ತಪ್ಪಿದರೆ ಅದು ಬೀಳುವುದು ಉಸಿರಾಡುತ್ತಿರುವ ಒಂದು ಮೈಯಲ್ಲಿ. ಆ ಮೈ ಬಹುಪಾಲು ಬಡವರದಾಗಿರುತ್ತದೆ, ಏಕೆಂದರೆ ರೈಲಿನ ಟಿಕೆಟ್ಟಿಗೂ ಹಣವಿಲ್ಲದವರೇ ಜಿಲ್ಲಾ ಆಸ್ಪತ್ರೆಯಲ್ಲಿ ಉಳಿದುಕೊಳ್ಳುವವರು. ಜಿಲ್ಲೆಯ ಕಿರಿಯ ವೈದ್ಯರಿಗೆ ವಿಡಿಯೋ ಕೊಟ್ಟು ಇನ್ನು ನೀವೇ ಕಲಿತುಕೊಳ್ಳಿ ಎನ್ನುವುದು ಮೂರ್ತಿಯೊಂದನ್ನು ಕೊಟ್ಟು ಕಾಡಿಗೆ ಕಳಿಸಿದಂತೆ. ಏಕಲವ್ಯನ ಬಗ್ಗೆ ಮರುಕಪಡುವ ನಾವು ಆ ಕಥೆಯನ್ನೇ ಪಠ್ಯಕ್ರಮ ಮಾಡಿಕೊಳ್ಳಬಾರದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಹೆಜ್ಜೆಗೆ ಹೆಚ್ಚಿನ ಖರ್ಚೂ ಬೇಡ. ಲ್ಯಾಪರೋಸ್ಕೋಪಿ ಕಲಿಯುವವರು ಒಂದು ಮುಚ್ಚಿದ ಪೆಟ್ಟಿಗೆಯೊಳಕ್ಕೆ ಉದ್ದ ಸಲಕರಣೆಗಳನ್ನು ತೂರಿಸಿ, ಕ್ಯಾಮೆರಾದ ಚಿತ್ರವನ್ನು ನೋಡುತ್ತ ಕಾಳು ಎತ್ತಿಡುವುದು, ಉಂಗುರ ಜೋಡಿಸುವುದು, ಗಂಟು ಹಾಕುವುದನ್ನು ಅಭ್ಯಾಸ ಮಾಡುತ್ತಾರೆ. ಕ್ಯಾಮೆರಾದ ಜಾಗದಲ್ಲಿ ಮೊಬೈಲ್ ಫೋನ್ ಇಟ್ಟರೂ ಕೆಲಸ ನಡೆಯುತ್ತದೆ. ಸುಶ್ರುತನ ಸೋರೆಕಾಯಿಯ ಇಂದಿನ ರೂಪ ಈ ಪೆಟ್ಟಿಗೆ. ಕೂಚ್‌ಬೆಹಾರಿನಲ್ಲೋ ಪುರುಲಿಯಾದಲ್ಲೋ ಕುಳಿತ ಕಿರಿಯ ವೈದ್ಯರು ಪೆಟ್ಟಿಗೆಯಲ್ಲಿ ಗಂಟು ಹಾಕುವುದನ್ನು ಕೋಲ್ಕತ್ತದ ಗುರುಗಳು ವಾರಕ್ಕೊಮ್ಮೆ ನೋಡಿ, ಎಡಗೈ ಸುಮ್ಮನಿದೆ, ದಾರ ಬಿಗಿಯಾಗಿಲ್ಲ ಎಂದು ತಿದ್ದಬಹುದು. ಇಲ್ಲಿ ರೋಗಿಯೇ ಇಲ್ಲ, ಅಪಾಯವೂ ಇಲ್ಲ.

ಎರಡನೆಯ ಹೆಜ್ಜೆ, ನಿಜವಾದ ಶಸ್ತ್ರಚಿಕಿತ್ಸೆಯ ಹೊತ್ತಿನ ಮಾರ್ಗದರ್ಶನ. ಜಿಲ್ಲೆಯ ವೈದ್ಯರು ಕತ್ತರಿ ಹಿಡಿಯುತ್ತಾರೆ. ದೂರದ ಗುರುಗಳು ಚಿತ್ರವನ್ನು ನೋಡುತ್ತ ಮಾತನಾಡುತ್ತಾರೆ, ತೆರೆಯ ಮೇಲೆ ಗೆರೆಯೆಳೆದು ಇಲ್ಲಿಂದ ಬಿಡಿಸಿ, ಇದನ್ನು ಮುಟ್ಟಬೇಡಿ ಎಂದು ತೋರಿಸುತ್ತಾರೆ. ಇದನ್ನು ರೋಬೋಟಿನ ಮೂಲಕ ದೂರದಿಂದಲೇ ನಡೆಸುವ ಶಸ್ತ್ರಚಿಕಿತ್ಸೆಯೊಡನೆ ಬೆರೆಸಬಾರದು. 2001ರ ಸೆಪ್ಟೆಂಬರಿನಲ್ಲಿ ಡಾ. ಜಾಕ್ ಮರೆಸ್ಕೊ ಅವರು ನ್ಯೂಯಾರ್ಕಿನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಹಿಳೆಯೊಬ್ಬರ ಪಿತ್ತಕೋಶವನ್ನು ತೆಗೆದರು. ಅದು ಸಾಹಸ, ಸಂದೇಹವಿಲ್ಲ. ಆದರೆ ಅಲ್ಲಿ ಅಟ್ಲಾಂಟಿಕ್ ದಾಟಿದ್ದು ಗುರುವಿನ ಕೈಯ ಚಲನೆ. ಮಾರ್ಗದರ್ಶನದಲ್ಲಿ ದಾಟುವುದು ಗುರುವಿನ ಕಣ್ಣು ಮತ್ತು ಮಾತು, ಕೈ ಸ್ಥಳೀಯರದೇ. ಸಂಪರ್ಕ ಕಡಿದಾಗ ಮೊದಲನೆಯದರಲ್ಲಿ ಊರಿನಲ್ಲಿ ಉಳಿಯುವುದು ಯಂತ್ರ. ಎರಡನೆಯದರಲ್ಲಿ ಉಳಿಯುವುದು ನಿನ್ನೆಗಿಂತ ಸ್ವಲ್ಪ ಹೆಚ್ಚು ಬಲ್ಲ ಒಬ್ಬ ವೈದ್ಯ. ನಮ್ಮ ಜಿಲ್ಲೆಗಳಿಗೆ ಬೇಕಾದದ್ದು ಎರಡನೆಯದು.

ಸಂಪರ್ಕ ಕಡಿಯುವ ಮಾತು ಬಂದದ್ದರಿಂದ ಒಂದು ನಿಯಮವನ್ನು ಇಲ್ಲಿಯೇ ಹೇಳಬೇಕು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಅದರ ಮೂಲಕ ಹೋದ ಪ್ರಶ್ನೆಗೆ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ನೆಲದಡಿಯ ಫೈಬರ್ ಕೇಬಲ್ಲಿನಿಂದ ಈ ವಿಳಂಬ ಬಹಳ ತಗ್ಗಿದೆ. ಆದರೂ ಕಾಲಬೈಶಾಖಿಯ ಬಿರುಗಾಳಿಗೆ ವಿದ್ಯುತ್ತು ಹೋಗದ, ರಸ್ತೆ ಅಗೆತಕ್ಕೆ ಕೇಬಲ್ ತುಂಡಾಗದ ಊರು ಇಲ್ಲ. ಆದ್ದರಿಂದ, ಸಂಪರ್ಕ ಕಡಿದ ಕ್ಷಣದಲ್ಲಿ ಸ್ಥಳೀಯ ವೈದ್ಯರು ತಾವೇ ಸುರಕ್ಷಿತವಾಗಿ ಮುಗಿಸಲಾರದ ಶಸ್ತ್ರಚಿಕಿತ್ಸೆಯನ್ನು ದೂರದ ಮಾರ್ಗದರ್ಶನವನ್ನು ನಂಬಿ ಆರಂಭಿಸಲೇ ಬಾರದು. ತೆರೆಯ ಪಾಠ ಬಲ್ಲವರನ್ನು ಇನ್ನಷ್ಟು ಬಲ್ಲವರನ್ನಾಗಿ ಮಾಡಲಿ. ಅರಿಯದವರಿಗೆ ಧೈರ್ಯ ತುಂಬುವ ಮದ್ದಾಗದಿರಲಿ.

ಇಷ್ಟನ್ನು ಬರೆದ ಮೇಲೆ ನಿಯಮಗಳು ಏನು ಹೇಳುತ್ತವೆ ಎಂದು ನೋಡಬೇಕಲ್ಲವೇ? ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವವರಿಗೆ ಅಧಿಸೂಚನೆಯಲ್ಲಿ ಇರುವುದಕ್ಕಿಂತ ಬಿಟ್ಟುಹೋದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಕೋವಿಡ್ ಬೀಗಮುದ್ರೆಯ ಮೊದಲ ದಿನ, 2020ರ ಮಾರ್ಚ್ 25ರಂದು, ದೇಶದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದಿತು. ಅದರ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯನ್ನು ಕೊಡಲಾಗಿದೆ. ಆ ವ್ಯಾಖ್ಯೆಯ ಪ್ರಕಾರ ಆರೋಗ್ಯ ಸೇವೆಯಲ್ಲಿರುವವರ ನಿರಂತರ ಶಿಕ್ಷಣವೂ ಟೆಲಿಮೆಡಿಸಿನ್ನಿನ ಅಂಗ. ಆದರೆ ತನ್ನ ವ್ಯಾಪ್ತಿಯನ್ನು ಹೇಳುವಾಗ ಮಾರ್ಗಸೂಚಿ ಅದೇ ನಿರಂತರ ಶಿಕ್ಷಣವನ್ನು ಹೊರಗಿಡುತ್ತದೆ. ದೂರದಿಂದ ನಡೆಸುವ ಶಸ್ತ್ರಚಿಕಿತ್ಸೆಯನ್ನೂ ಹೊರಗಿಡುತ್ತದೆ. ಮಹಾಮಾರಿಯ ತರಾತುರಿಯಲ್ಲಿ ಅದು ವಿವೇಕದ ಕ್ರಮವೇ ಇದ್ದೀತು. ವೈದ್ಯರೊಬ್ಬರು ಇನ್ನೊಬ್ಬ ವೈದ್ಯರ ಸಲಹೆ ಕೇಳಿದಾಗ ಚಿಕಿತ್ಸೆಯ ಹೊಣೆ ಕೇಳಿದವರದೇ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಥಿಯೇಟರಿನ ತೆರೆಯ ಮೇಲೆ ಗೆರೆಯೆಳೆದು ಇಲ್ಲಿ ಕೊಯ್ಯಿ ಎಂದ ಗುರುಗಳು ಸಲಹೆ ಕೊಟ್ಟರೋ, ಪಾಠ ಹೇಳಿದರೋ, ಶಸ್ತ್ರಚಿಕಿತ್ಸೆಯಲ್ಲಿ ಪಾಲುಗೊಂಡರೋ? ಈ ಪ್ರಶ್ನೆಗೆ ಆ ದಾಖಲೆಯಲ್ಲಿ ಉತ್ತರವಿಲ್ಲ. ಹೊಣೆ ಗೊತ್ತಿಲ್ಲದ ಕಡೆ ಜಾಣರು ಬಾಯಿ ತೆರೆಯುವುದಿಲ್ಲ. ಉಪನ್ಯಾಸ ಕೊಟ್ಟು ಎದ್ದುಹೋಗುವುದೇ ಕ್ಷೇಮವಾಗುತ್ತದೆ. ಕ್ಯಾಮೆರಾ ಶಿಷ್ಯರತ್ತ ತಿರುಗದಿರುವುದಕ್ಕೆ ತಂತ್ರಜ್ಞಾನಕ್ಕಿಂತ ಇದೇ ದೊಡ್ಡ ಕಾರಣವೆಂದು ನಮ್ಮ ಎಣಿಕೆ.

ಇನ್ನೊಂದು ನಿಯಮ ಇದಕ್ಕೆ ಬಾಗಿಲು ತೆರೆದಿಟ್ಟಿದೆ. 2021ರಲ್ಲಿ ಪ್ರವೇಶ ಪಡೆದ ತಂಡದಿಂದ ಮೊದಲ್ಗೊಂಡು ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಕೆಲಸ ಮಾಡಬೇಕು. ಕಾಲೇಜಿನ ಗುರುಗಳಿಂದ ದೂರವಾಗಿ, ಜಿಲ್ಲೆಯ ಹಿರಿಯ ವೈದ್ಯರ ಪಕ್ಕದಲ್ಲಿ ನಿಂತು ದುಡಿಯುವ ಕಾಲ ಇದು. ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆಲ್ಲಿದೆ? ವಿದ್ಯಾರ್ಥಿಯ ಒಂದು ಬದಿಯಲ್ಲಿ ಸ್ಥಳೀಯ ಹಿರಿಯರ ಕೈ, ಇನ್ನೊಂದು ಬದಿಯಲ್ಲಿ ತೆರೆಯ ಮೂಲಕ ಕಾಲೇಜಿನ ಗುರುಗಳ ಕಣ್ಣು ಇದ್ದರೆ ಮೂರು ತಿಂಗಳು ಶಿಕ್ಷೆಯಂತೆ ತೋರದೆ ಶಿಕ್ಷಣವಾಗುತ್ತದೆ. ಗುರುಗಳ ಆ ಗಂಟೆಯನ್ನು ಬೋಧನೆಯ ವೇಳಾಪಟ್ಟಿಯಲ್ಲಿ ಬರೆಯಬೇಕು, ಅವರ ಕೆಲಸದ ಲೆಕ್ಕಕ್ಕೆ ಸೇರಿಸಬೇಕು. ಹೊರರೋಗಿಗಳ ಸಾಲು ಕರಗಿಸಿ ಉಳಿದ ಹೊತ್ತಿನಲ್ಲಿ ಪುಣ್ಯಕ್ಕೆ ಮಾಡಿರೆಂದರೆ ಯಾವ ಒಳ್ಳೆಯ ಯೋಜನೆಯೂ ಎರಡನೆಯ ವರ್ಷಕ್ಕೆ ಉಳಿಯದು.

ರೋಗಿಯ ಮಾತನ್ನು ಮರೆಯುವಂತಿಲ್ಲ. ಸಮ್ಮೇಳನಗಳಲ್ಲಿ ಸಭಿಕರ ಮುಂದೆ ನೇರಪ್ರಸಾರವಾಗುವ ಶಸ್ತ್ರಚಿಕಿತ್ಸೆಗಳನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ 2023ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೂ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೂ ನೋಟಿಸ್ ನೀಡಿತು. ಆ ಆತಂಕ ಸಕಾರಣ. ನೂರಾರು ಜನರ ಪ್ರಶ್ನೆಗೆ ಉತ್ತರಿಸುತ್ತ ಕೊಯ್ಯುವವರ ಗಮನ ಮೇಜಿನ ಮೇಲಿನವರಿಂದ ಜಾರಬಹುದು. ಇಲ್ಲಿಯೂ ಕ್ಯಾಮೆರಾದ ದಿಕ್ಕೇ ಮುಖ್ಯವೆಂದು ನಮಗೆ ತೋರುತ್ತದೆ. ಪ್ರದರ್ಶನದಲ್ಲಿ ಅನೇಕರು ಒಬ್ಬರನ್ನು ನೋಡುತ್ತಾರೆ. ಅದರಿಂದ ರೋಗಿಗೆ ಲಾಭವಿಲ್ಲ. ಮಾರ್ಗದರ್ಶನದಲ್ಲಿ ಹೆಚ್ಚು ಬಲ್ಲ ಒಬ್ಬರು ಕಡಿಮೆ ಬಲ್ಲ ಒಬ್ಬರನ್ನು ನೋಡುತ್ತಾರೆ. ಅಲ್ಲಿ ರೋಗಿಗೆ ಇನ್ನೊಂದು ಜೊತೆ ಕಣ್ಣಿನ ಕಾವಲು ಸಿಗುತ್ತದೆ. ಆದರೂ ಒಪ್ಪಿಗೆ ಬೇಕೇ ಬೇಕು. ಅದು ಇಂಗ್ಲಿಷ್ ಕಾಗದದ ಮೇಲಿನ ಹೆಬ್ಬೆಟ್ಟಾಗದೆ, ಬಾಂಕುಡಾದಲ್ಲಿ ಬಂಗಾಳಿಯಲ್ಲಿ, ಚಾಮರಾಜನಗರದಲ್ಲಿ ಕನ್ನಡದಲ್ಲಿ, ನಿಮ್ಮ ಶಸ್ತ್ರಚಿಕಿತ್ಸೆಯನ್ನು ದೂರದಿಂದ ಇಂಥವರು ನೋಡುತ್ತಿರುತ್ತಾರೆ, ಬೇಡವೆಂದರೆ ನಿಲ್ಲಿಸುತ್ತೇವೆ, ಚಿಕಿತ್ಸೆಗೆ ತೊಂದರೆಯಾಗದು ಎಂದು ತಿಳಿಯ ಹೇಳಿ ಪಡೆದದ್ದಾಗಿರಬೇಕು.

ಭಾಷೆಯ ಪ್ರಶ್ನೆ ಒಪ್ಪಿಗೆಯ ಕಾಗದಕ್ಕೇ ಮುಗಿಯುವುದಿಲ್ಲ. ಥಿಯೇಟರಿನಲ್ಲಿ ಕಲಿಯುವವರು ವೈದ್ಯರು ಮಾತ್ರವಲ್ಲ. ಸಲಕರಣೆ ಎಣಿಸಿ ಕೊಡುವ ದಾದಿ, ಕ್ಯಾಮೆರಾ ಹಿಡಿಯುವ ಸಹಾಯಕ, ಯಂತ್ರ ಶುಚಿಗೊಳಿಸುವ ತಂತ್ರಜ್ಞ ಇವರ ಕೈಗಳೂ ಪಳಗಬೇಕು. ಕೋಲ್ಕತ್ತದ ಕಾಲೇಜಿನಲ್ಲಿ 1850ರ ದಶಕದ ಆರಂಭದಲ್ಲೇ ಬಂಗಾಳಿಯಲ್ಲಿ ಕಲಿಸುವ ತರಗತಿ ತೆರೆಯಲಾಯಿತು, ಅದರ ಹೊಣೆಯೂ ಮಧುಸೂದನ ಗುಪ್ತರ ಪಾಲಿಗೆ ಬಂದಿತ್ತು. ದೂರದ ಗುರು ಇಂಗ್ಲಿಷಿನಲ್ಲಿ ಪಾಠ ಹೇಳಿ, ಥಿಯೇಟರಿನ ಅರ್ಧದಷ್ಟು ಜನ ಸುಮ್ಮನೆ ನಿಲ್ಲುವುದಾದರೆ ನಾವು ಆ ಕಾಲಕ್ಕಿಂತ ಹಿಂದೆ ಉಳಿದಂತೆ. ದಾದಿಯರಿಗಾಗಿ, ತಂತ್ರಜ್ಞರಿಗಾಗಿ ಕನ್ನಡದಲ್ಲಿಯೇ ಇಂಥ ಪಾಠಗಳನ್ನು ರೂಪಿಸುವ ಕೆಲಸಕ್ಕೆ ವೈದ್ಯರ ಜೊತೆಗೆ ಭಾಷೆ ಬಲ್ಲವರೂ ಬೇಕಾಗುತ್ತಾರೆ. ಸಾಹಿತ್ಯದ ಗೆಳೆಯರಿಗೆ ಇದರಲ್ಲಿ ಕೆಲಸವಿದೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ಭಾರವಾದದ್ದು. ತೆರೆಯ ವ್ಯವಸ್ಥೆ ಬಂದ ಮೇಲೆ ಜಿಲ್ಲೆಗೆ ಶಸ್ತ್ರವೈದ್ಯರನ್ನು ನೇಮಿಸುವ ತೊಂದರೆಯನ್ನೇ ಸರ್ಕಾರಗಳು ಬಿಟ್ಟುಬಿಡುವುದಿಲ್ಲವೇ, ಕಾಲೇಜಿಗೆ ಬೋಧಕರು ಇಲ್ಲದಿದ್ದರೂ ಕೇಬಲ್ ಇದೆಯಲ್ಲ ಎಂದು ಸಮಾಧಾನ ಹೇಳುವುದಿಲ್ಲವೇ ಎಂಬುದು. ಆ ಅಪಾಯ ಇದೆ. ಮೈಯೊಳಗಿನ ಅಂಗಾಂಶ ಎಷ್ಟು ಎಳೆತಕ್ಕೆ ಹರಿಯುತ್ತದೆ, ರಕ್ತ ಒಸರಿದಾಗ ಬೆರಳನ್ನು ಎಲ್ಲಿ ಒತ್ತಬೇಕು ಎಂಬುದನ್ನು ಪಕ್ಕದಲ್ಲಿ ನಿಂತ ಹಿರಿಯರ ಕೈಯಿಂದಲೇ ಕಲಿಯಬೇಕು. ಯಾವ ಕೇಬಲ್ಲೂ ಅದನ್ನು ಹೊತ್ತು ತರದು. ಆದ್ದರಿಂದ ನೇಮಕವಾಗದ ಹುದ್ದೆಯ ಬದಲಿಗೆ ಸಂಪರ್ಕ ಬೇಡ, ನೇಮಕವಾದ ಹುದ್ದೆಯ ಬೆನ್ನಿಗೆ ಇರಲಿ. ಜಿಲ್ಲೆಗೆ ಹೋದ ಶಸ್ತ್ರವೈದ್ಯರು ಮರಳಿ ನಗರಕ್ಕೆ ಬರಲು ಸಂಬಳವೊಂದೇ ಕಾರಣವಲ್ಲ; ಕೇಳಲು ಯಾರೂ ಇಲ್ಲದ, ತಿದ್ದಲು ಯಾರೂ ಇಲ್ಲದ ಒಂಟಿತನವೂ ಕಾರಣ. ವಾರಕ್ಕೊಂದು ಗಂಟೆ ಯಾರೋ ಬಲ್ಲವರು ತಮ್ಮ ಕೆಲಸವನ್ನು ನೋಡುತ್ತಾರೆ ಎಂಬ ಭರವಸೆ ಅವರನ್ನು ಅಲ್ಲಿ ಉಳಿಸಬಹುದು.

2001ರ ಹೊತ್ತಿಗೂ ಇಂದಿಗೂ ಒಂದು ವ್ಯತ್ಯಾಸವಂತೂ ಆಗಿದೆ. ಅಂದು ಉಪಗ್ರಹದ ಸಲಹೆಗಾಗಿ ಕಾದಿದ್ದ ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಬಂಗಾಳದಲ್ಲಿ ಕೂಚ್‌ಬೆಹಾರ್, ರಾಯಗಂಜ್, ರಾಂಪುರ್‌ಹಾಟ್, ಪುರುಲಿಯಾಗಳಿಗೆ ಕಾಲೇಜುಗಳು ಬಂದಿವೆ. ಸಿಲಿಗುರಿಯ ಬಳಿಯ ಉತ್ತರ ಬಂಗಾಳ ವೈದ್ಯಕೀಯ ಕಾಲೇಜು ಇರುವ ಜಾಗದ ಹೆಸರೇ ಸುಶ್ರುತನಗರ. ಕಟ್ಟಡ ಬಂದಿದೆ, ಕೇಬಲ್ ಬಂದಿದೆ, ವಿದ್ಯಾರ್ಥಿಗಳು ಬಂದಿದ್ದಾರೆ. ಇನ್ನು ಬರಬೇಕಾದದ್ದು ಅವರ ಕೈಯನ್ನು ನೋಡುವ ಕಣ್ಣು. ಅದಕ್ಕೆ ಹೊಣೆಯನ್ನು ಹೇಳುವ ಒಂದು ನಿಯಮ, ವೇಳಾಪಟ್ಟಿಯಲ್ಲಿ ಒಂದು ಗಂಟೆ, ರೋಗಿಯ ಭಾಷೆಯಲ್ಲಿ ಪಡೆದ ಒಂದು ಒಪ್ಪಿಗೆ ಸಾಕು. ಇವುಗಳಲ್ಲಿ ಯಾವುದಕ್ಕೂ ಹೊಸ ಉಪಗ್ರಹ ಹಾರಿಸಬೇಕಾಗಿಲ್ಲ.